ಬೋಣಿಯ ಟವೆಲ್

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ತೊಂಬತ್ತರ ದಶಕದ ಕೊನೆಯಲ್ಲಿ ಸೇಲಂನಲ್ಲಿ ಒಂದು ವೆಬ್‌ಸೈಟಿನ ಆರೋಗ್ಯ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಆ ಕೆಲಸವನ್ನು ನನ್ನಷ್ಟು ನಿಷ್ಠೆಯಿಂದ ಮಾಡಿದವರನ್ನು ನಾನಂತೂ ಕಂಡಿಲ್ಲ.

ಪಕ್ಕದ ಎಡಪ್ಪಾಡಿಯ, ಮನೆಯಲ್ಲಿ ನಮ್ಮಂತೆ ಕನ್ನಡವನ್ನೇ ಆಡುವ ನೇಕಾರರ ಟವೆಲು, ಬೆಡ್‌ಶೀಟುಗಳನ್ನು ಹೊರದೇಶದವರಿಗೆ ಮಾರಲು ನಮ್ಮ ಸಣ್ಣ ಆಫೀಸು ಆ ಸೈಟ್ ಮಾಡಿಸಿತ್ತು. ಅದು ಓಡುವ ಕಂಪ್ಯೂಟರ್ ಮದ್ರಾಸಿನಲ್ಲಿತ್ತು, ಇಂಜಿನಿಯರೂ ಅಲ್ಲೇ ಇದ್ದರು. ಗಿರಾಕಿ ಚಿತ್ರ ನೋಡಿ ಆರ್ಡರ್ ಗುಂಡಿ ಒತ್ತಿದರೆ, ಅಲ್ಲಿನ ಇನ್ನೊಂದು ಪ್ರೋಗ್ರಾಂ ಅದನ್ನು ನಮಗೆ ಮೇಲ್ ಮಾಡಬೇಕು. ನಾವು ಪ್ರಿಂಟ್ ತೆಗೆದು ನೇಕಾರರಿಗೆ ಕೊಡಬೇಕು. ಗಂಟೆಗೊಮ್ಮೆ ಮೋಡೆಮ್ ಹಚ್ಚಿ, ಅದು ಕೀರಲು ದನಿಯಲ್ಲಿ ಕೂಗಿ ಲೈನ್ ಹಿಡಿದ ಮೇಲೆ ಸೈಟ್ ತೆರೆದು ನೋಡುವುದು ನನ್ನ ಕೆಲಸ. ತೆರೆಯದಿದ್ದರೆ ಮದ್ರಾಸಿಗೆ ಫೋನ್. ಊಟಕ್ಕೆ ಕೂತಿದ್ದರೂ ಕೈ ತೊಳೆದು ಎದ್ದು ನೋಡಿ ಬರುತ್ತಿದ್ದೆ.

ಒಂದು ವರ್ಷ ದೀಪಾವಳಿ ಹತ್ತಿರ ಬಂದಾಗ ಆರ್ಡರ್ ಬರುವುದೇ ನಿಂತಿತು. ಸೈಟ್ ಮಾತ್ರ ಯಾವಾಗ ನೋಡಿದರೂ ತೆರೆಯುತ್ತಿತ್ತು. ಹೊರದೇಶದವರಿಗೆ ನಮ್ಮ ಬಟ್ಟೆ ಸಾಕಾಯಿತೇನೋ ಎಂದುಕೊಂಡೆವು. ಇಂಜಿನಿಯರ್ ಕೂಡ ತಮಿಳಿನಲ್ಲಿ, "ಸೀಸನ್ ಅಪ್ಪಡಿ", ಸೀಸನ್ನೇ ಹಾಗೆ, ಎಂದು ಸಮಾಧಾನ ಹೇಳಿದರು.

ಆಗ ಒಂದು ಬೆಳಿಗ್ಗೆ ಎಡಪ್ಪಾಡಿಯಿಂದ ನನ್ನ ದೊಡ್ಡಪ್ಪನ ಮಗಳು ಬಂದಳು. ಅವಳ ಮನೆಯ ಕುಣಿಮಗ್ಗಗಳು ನಮ್ಮ ಆರ್ಡರನ್ನೇ ನಂಬಿಕೊಂಡಿದ್ದವು.

"ಲೇ, ನಿಮ್ ಭಾವ ಶುಕ್ರವಾರ ಮಗ್ಗ ಬಿಚ್ತೀನಿ ಅಂತವ್ರೆ. ಪವರ್‌ಲೂಮ್ ಶೆಡ್ಡಿಗೆ ಆಳಾಗಿ ಓಗ್ತಾರಂತೆ. ಅವ್ರ ತಾತನ್ ಕಾಲದ್ ಮಗ್ಗ ಕಣ್ಲಾ" ಎಂದಳು.

"ನಾನೇನ್ ಮಾಡ್ಲಿ ಅಕ್ಕಾ? ಸೈಟ್ ನಲ್ಲಾ ಇರುಕ್ಕು, ಚೆನ್ನಾಗೇ ಐತೆ. ಗಂಟೆಗೊಂದ್ ಸಲ ನೋಡ್ತಾನೇ ಇವ್ನಿ."

"ನೋಡ್ತಾ ಕುಂತ್ರೆ ಯಾಪಾರ ಆಯ್ತದಾ? ಬೋಣಿ ಆಗ್ಬೇಕು. ನಾನ್ ಮಾಡ್ತೀನಿ, ಒಂದ್ ಟವೆಲ್ ಕೊಡು."

ಅಕ್ಕನ ಕೈಗುಣ ಅವಳ ಬೀದಿಗೆಲ್ಲ ಗೊತ್ತು. ವ್ಯಾಪಾರ ಮಂಕಾದರೆ ಬಳೆ ಅಂಗಡಿಯವನೂ ಹೂವಿನವಳೂ ಅವಳನ್ನೇ ಕರೆದು ದಿನದ ಮೊದಲ ವ್ಯಾಪಾರ ಮಾಡಿಸುತ್ತಿದ್ದರು. ಒಳಗೆ ಕಟ್ಟುಗಟ್ಟಲೆ ಟವೆಲ್ ಇತ್ತು, ತಗೊಂಡು ಹೋಗು ಎಂದೆ.

"ಅದು ಬೋಣಿ ಆಯ್ತದೇನ್ಲಾ? ಗಿರಾಕಿ ಬರೋ ಬಾಗ್ಲಲ್ಲೇ ಬರ್ಬೇಕು."

ಅವಳ ಹಟಕ್ಕೆ ಸೈಟ್ ತೆರೆದು ಹೆಸರು, ವಿಳಾಸ ತುಂಬಿದೆ. ಅವಳು ಚಪ್ಪಲಿ ಬಿಟ್ಟು, ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಾನು ತೋರಿಸಿದಂತೆ ಮೌಸ್ ಹಿಡಿದು ಆರ್ಡರ್ ಗುಂಡಿ ಒತ್ತಿದಳು. ನಮ್ಮದೇ ಅಂಗಡಿಯಲ್ಲಿ ನಾವೇ ಕೊಳ್ಳುವುದೇನು ಎಂದು ಆಫೀಸಿನಲ್ಲಿ ಯಾರೂ ಅಲ್ಲಿಯವರೆಗೆ ಆ ಗುಂಡಿ ಮುಟ್ಟಿರಲಿಲ್ಲ.

"ಏನಂತೈತೆ?"

"ಥ್ಯಾಂಕ್ಸ್ ಅಂತೈತೆ."

"ಪರವಾಯಿಲ್ಲೆ, ಮರ್ಯಾದೆ ಗೊತ್ತೈತೆ ನಿನ್ ಪೆಟ್ಗೆಗೆ."

ಮೇಲ್ ತೆಗೆದೆ. ಏನೂ ಇಲ್ಲ. ಇಬ್ಬರೂ ಕಾಫಿ ಕುಡಿದೆವು. ಮತ್ತೆ ತೆಗೆದೆ. ಆಗಲೂ ಖಾಲಿ.

"ಎಲ್ಲೋಯ್ತು ನನ್ ಟವೆಲ್? ಥ್ಯಾಂಕ್ಸ್ ಏಳಿ ನುಂಗ್ಬಿಡ್ತಾ?"

ಅವಳು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಅದು ತಮಾಷೆ ಅನ್ನಿಸಲಿಲ್ಲ. ತಕ್ಷಣ ಮದ್ರಾಸಿಗೆ ಫೋನ್ ಹಚ್ಚಿದೆ. ಪೇಜ್ ಬರುತ್ತಿದೆ ತಾನೇ ಎಂದರು ಇಂಜಿನಿಯರ್. ಪೇಜ್ ಬರುತ್ತದೆ ಸಾರ್, ಆರ್ಡರ್ ಕೊಟ್ಟರೆ ಇಲ್ಲಿಗೆ ಮುಟ್ಟುತ್ತಿಲ್ಲ ಎಂದೆ. ಅತ್ತ ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ, "ಅಡಡಾ!"

ಮೇಲ್ ಕಳಿಸುವ ಪ್ರೋಗ್ರಾಂ ಯಾವಾಗಲೋ ನಿಂತುಹೋಗಿತ್ತು. ಗಿರಾಕಿಗೆ ಕಾಣುವ ಪೇಜು ಮಾತ್ರ ಬಂದವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಲೇ ಇತ್ತು. ಅದರ ಹಿಂದೆ ಆರ್ಡರುಗಳು ರಾಶಿ ಬಿದ್ದಿದ್ದವು. ಇಂಜಿನಿಯರ್ ಆ ಪ್ರೋಗ್ರಾಂ ಅನ್ನು ಮತ್ತೆ ಓಡಿಸಿದರು. ಕಾದು ಬೇಸತ್ತ ಗಿರಾಕಿಗಳಿಗೆ ತಾವೇ ಬರೆದು ಕ್ಷಮೆ ಕೇಳುವುದಾಗಿ ಹೇಳಿದರು, ಪಾಪ. ಕೆಲವರು ಕೈಬಿಟ್ಟು ಹೋದರು, ಉಳಿದವರು ಉಳಿದರು.

ನಮ್ಮ ಪ್ರಿಂಟರ್ ಕರ್ ಕರ್ ಎಂದು ಕಾಗದ ಉಗುಳತೊಡಗಿತು.

"ಕೆಂಪಂಚಿಂದು ಕೇಳವ್ರಾ?" ಅಕ್ಕ ಮೆಲ್ಲಗೆ ಕೇಳಿದಳು. ಅದು ಅವರ ಮನೆಯ ನೇಯ್ಗೆ.

"ಕೇಳವ್ರೆ ಅಕ್ಕಾ. ಇಕೋ, ಇಲ್ಲೂ ಕೇಳವ್ರೆ."

ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಆರ್ಡರುಗಳನ್ನು ಭಾವನಿಗೆ ತೋರಿಸಲು ಈಗಲೇ ಬಸ್ ಹಿಡಿ ಎಂದರೂ ಏಳಲಿಲ್ಲ. ತನ್ನ ಟವೆಲಿನ ಕಾಗದ ಬರುವವರೆಗೂ ಕೂತಿದ್ದಳು. ಎಲ್ಲಕ್ಕಿಂತ ಕೊನೆಗೆ ಬಂತು ಅದು.

ಶುಕ್ರವಾರ ಭಾವ ಮಗ್ಗ ಬಿಚ್ಚಲಿಲ್ಲ, ಅದಕ್ಕೆ ಹೊಸ ಹಾಸಿನ ನೂಲು ಹೂಡಿದ.

ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕನ ಹೆಸರಿನಲ್ಲಿ ಒಂದು ಟವೆಲ್ ಆರ್ಡರ್ ಮಾಡುತ್ತಿದ್ದೆ. ಅದರ ಕಾಗದ ನಮ್ಮ ಪ್ರಿಂಟರಿನಿಂದ ಹೊರಬಂದರೇ ಸೈಟ್ ಗಟ್ಟಿಮುಟ್ಟಾಗಿದೆ ಎಂದು ಲೆಕ್ಕ. ಇಂಜಿನಿಯರ್ ಕೂಡ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು, "ಬೋಣಿ ಆಚ್ಚಾ?", ಬೋಣಿ ಆಯಿತಾ, ಎಂದೇ.

ಅಕ್ಕ ಮಾತ್ರ ಸಿಕ್ಕಾಗಲೆಲ್ಲ ಜಗಳ ತೆಗೆಯುತ್ತಿದ್ದಳು: "ದಿನಾ ನನ್ ಎಸ್ರಲ್ಲಿ ಟವೆಲ್ ಬರಸ್ಕೊಂತೀಯ. ಒಂದಾದ್ರೂ ಮನೆಗ್ ಕಳ್ಸಿದ್ದೀಯೇನ್ಲಾ?"