ಸಕ್ಕರೆ ಇಳಿದ ಮಹಡಿ

ಈ ಅಜ್ಜಿಯ ತಮ್ಮನ ಬಗ್ಗೆ ತಾನೆ? ಬರೆದುಕೋ. ಅವನು ಮೂವತ್ತೊಂದು ವರ್ಷ ಒಂದೇ ಕಟ್ಟಡದಲ್ಲಿ ಲಿಫ್ಟ್ ನಡೆಸಿದ. ಎಂಟು ಮಹಡಿ, ಎಲ್ಲ ಆಫೀಸುಗಳೇ. ಮೂಲೆಯಲ್ಲಿ ಒಂದು ಮರದ ಸ್ಟೂಲು, ತಲೆಯ ಮೇಲೆ ಗಿರಗಿರ ಎನ್ನುವ ಪುಟ್ಟ ಫ್ಯಾನು, ಕೈಗೆ ಎಟಕುವ ಹಾಗೆ ಗುಂಡಿಗಳು. ದಿನಕ್ಕೆ ಇನ್ನೂರು ಸಲ ಮೇಲೆ ಹೋಗಿ ಕೆಳಗೆ ಬಂದರೂ ಕಾಲಿಗೆ ಒಂದು ಹೆಜ್ಜೆಯ ಕೆಲಸವಿಲ್ಲ. ಮನೆಯ ಮಕ್ಕಳೆಲ್ಲ ಅವನನ್ನು ಲಿಫ್ಟ್ ಮಾಮ ಎಂದೇ ಕರೆಯುವುದು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದ. ಬರುವಾಗ ತಂದದ್ದು ಒಂದು ಪೆಟ್ಟಿಗೆ, ಒಂದು ರೇಡಿಯೊ. ಆ ರೇಡಿಯೊ ಆವತ್ತೂ ಹಾಡಲಿಲ್ಲ, ಇವತ್ತೂ ಹಾಡಿಲ್ಲ. ಇರಲಿ, ರೇಡಿಯೊ ಕಥೆ ಯಾರಿಗೆ ಬೇಕು.

ಐವತ್ತೆರಡಕ್ಕೆ ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ರಿಪೋರ್ಟು ತಂದು ನನ್ನ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕೂತ. ಯಾಕೆಂದು ನಾನು ಕೇಳಲಿಲ್ಲ. ನಮ್ಮಮ್ಮನಿಗೂ ಇದೇ ಕಾಯಿಲೆ. ಮಂಡಿಯ ಕೆಳಗೆ ಕಾಲು ತೆಗೆದಿದ್ದರು. ಅವಳನ್ನು ಆಸ್ಪತ್ರೆಯಿಂದ ಎತ್ತಿಕೊಂಡು ಬಂದವನು ಇವನೇ, ಆಗ ಹದಿನೆಂಟು. ಎಷ್ಟು ಹಗುರ ಆಗಿಬಿಟ್ಟಿದ್ದಾಳೆ ಎಂದು ಒಂದೇ ಮಾತು ಹೇಳಿದ್ದ.

“ನಾನು ಹೋಗೋವಾಗ ಎರಡು ಕಾಲಲ್ಲೇ ಹೋಗಬೇಕು ಅಕ್ಕಾ,” ಎಂದ ಗೋಡೆಗೆ.

“ಹೋಗೋ ಮಾತು ಈಗ್ಯಾಕೋ? ಮೊದಲು ಬಾಯಿ ಕಟ್ಟು,” ಎಂದೆ.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, “ಶುರುವಿನಲ್ಲೇ ಗೊತ್ತಾಗಿದೆ. ತೂಕ ಇಳಿಸಿ, ಊಟ ಬದಲಾಯಿಸಿ, ನಡೀರಿ. ಕೆಲವರಿಗೆ ಮಾತ್ರೆ ಇಲ್ಲದೇನೂ ಹತೋಟಿಗೆ ಬರುತ್ತೆ,” ಎಂದಿದ್ದರು. ಆ ಕೆಲವರು ತಾನೇ ಎಂದು ಇವನು ಅಲ್ಲೇ ತೀರ್ಮಾನ ಮಾಡಿದ. ಅನ್ನ ಒಂದು ಹಿಡಿಗೆ ಇಳಿಯಿತು, ತಟ್ಟೆ ತುಂಬ ಸೊಪ್ಪು, ಕಾಳು. ಚಹಾಕ್ಕೆ ಸಕ್ಕರೆ ನಿಂತಿತು, ಸಂಜೆಯ ಕರಿದ ತಿಂಡಿ ನಿಂತಿತು. ನಿಮ್ಮ ತಾತ ಮಾತ್ರ ಇವನ ಪಾಲನ್ನೂ ತಾವೇ ತಿಂದು, “ನೋಡು, ನಿನಗೋಸ್ಕರ ಎಷ್ಟು ಕಷ್ಟಪಡ್ತಿದ್ದೀನಿ,” ಎನ್ನುತ್ತಿದ್ದರು. ಅವರಿಗೆ ಕೊನೆಯವರೆಗೂ ಏನೂ ಬರಲಿಲ್ಲ. ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಇನ್ನು ಮೆಟ್ಟಿಲು. ಕೆಲಸಕ್ಕೆ ಒಂದು ಗಂಟೆ ಮೊದಲೇ ಹೋಗಿ ಎಂಟೂ ಮಹಡಿ ಹತ್ತಿ ಇಳಿಯುವುದು, ಮಧ್ಯಾಹ್ನ ಉಂಡ ಮೇಲೆ ಮತ್ತೊಂದು ಸಲ. ಐದನೇ ಮಹಡಿಯ ಟೈಪಿಸ್ಟ್ ಹುಡುಗಿ ಛೇಡಿಸದೆ ಬಿಡುತ್ತಿರಲಿಲ್ಲವಂತೆ.

“ಏನಣ್ಣಾ, ನಿಮ್ಮ ಲಿಫ್ಟ್ ಮೇಲೆ ನಿಮಗೇ ನಂಬಿಕೆ ಇಲ್ವಾ? ನಮ್ಮನ್ನ ಮಾತ್ರ ಧೈರ್ಯವಾಗಿ ಹತ್ತಿಸ್ತೀರಾ!”

“ಲಿಫ್ಟ್ ನಿಮ್ಮನ್ನ ಹೊರುತ್ತೆ ತಾಯಿ. ನನ್ನನ್ನ ಹೊರಬೇಕಾದ್ದು ಈ ಕಾಲು. ಅದನ್ನ ಪಳಗಿಸ್ತಿದ್ದೀನಿ,” ಎಂದನಂತೆ.

ಎಂಟು ತಿಂಗಳಿಗೆ ಹದಿನಾಲ್ಕು ಕಿಲೋ ಕರಗಿದ. ಡಾಕ್ಟರಮ್ಮ ರಿಪೋರ್ಟು ಎರಡು ಸಲ ನೋಡಿದರು. “ಸಕ್ಕರೆ ಇಳಿದಿದೆ. ಮಾತ್ರೆ ನಿಲ್ಲಿಸಿ ನೋಡೋಣ. ಆದರೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸಬೇಡಿ.”

ನಾನು ಪಕ್ಕದಲ್ಲೇ ಇದ್ದೆ, ಎಲ್ಲವನ್ನೂ ಕೇಳಿಸಿಕೊಂಡೆ. ಅವನು ಕೇಳಿಸಿಕೊಂಡದ್ದು ಒಂದೇ ಮಾತು, ಇಳಿದಿದೆ. ಲಿಫ್ಟಿನ ಬಾಗಿಲು ತೆಗೆಯುವುದು, ಮುಚ್ಚುವುದರಲ್ಲೇ ವಯಸ್ಸು ಕಳೆದವನಿಗೆ ಇಳಿಯುವುದು ಎಂದರೆ ಇನ್ನೇನು? ಬಂದವನು ತನ್ನ ಮಹಡಿಯಲ್ಲಿ ಇಳಿದ, ಹೋದ, ಮುಗಿಯಿತು.

“ಇಳೀತಂತೆ ಅಕ್ಕಾ. ಇನ್ನು ಬಾಗಿಲು ಹಾಕಿದ್ದೇ.”

“ಮೂರು ತಿಂಗಳಿಗೆ ಬರಬೇಕಂತಲ್ಲೋ?”

“ಇಳಿದು ಹೋದವನ ಹಿಂದೆ ಯಾರಾದ್ರೂ ಹುಡುಕ್ಕೊಂಡು ಹೋಗ್ತಾರಾ?”

ನಾನು ನಕ್ಕೆ. ನಕ್ಕೆ ಎಂಬುದನ್ನೂ ಬರೆದುಕೋ.

ನಾಲ್ಕು ವರ್ಷ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೊದಲ ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಮಧ್ಯಾಹ್ನದ ಮೆಟ್ಟಿಲು ನಿಂತಿತು, ಆಮೇಲೆ ಬೆಳಗಿನದು. ಒಂದು ಹಿಡಿ ಅನ್ನ ಎರಡಾಯಿತು, ಮೂರಾಯಿತು. ಬಡಿಸುತ್ತಿದ್ದವಳು ನಾನೇ. ತೂಕ ಹೋದ ದಾರಿಯಲ್ಲೇ ವಾಪಸು ಬಂತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಕೇಳಿದರೆ, ಲಿಫ್ಟಿನೊಳಗೆ ಸೆಕೆ ಎನ್ನುತ್ತಿದ್ದ.

ಒಂದು ಸಂಜೆ ಕೆಲಸದಿಂದ ಬಂದವನ ಬಲಗಾಲಿನಲ್ಲಿ ಚಪ್ಪಲಿ ಇತ್ತು, ಎಡಗಾಲಿನಲ್ಲಿ ಇರಲಿಲ್ಲ.

“ಇನ್ನೊಂದು ಎಲ್ಲೋ?”

“ಇನ್ನೊಂದು ಏನು?”

ಬಗ್ಗಿ ನೋಡಿಕೊಂಡ. ಅವನ ಮುಖ ನೋಡಿದ ಮೇಲೆ ನಾನು ಬಯ್ಯಲಿಲ್ಲ. ಬೀದಿಯ ತುದಿಯಲ್ಲಿ, ಔಷಧಿ ಅಂಗಡಿಯ ಮುಂದೆ, ಚಪ್ಪಲಿ ಬಿದ್ದಿತ್ತು. ಅಷ್ಟು ದೂರ ಬರಿಗಾಲಿನಲ್ಲಿ ನಡೆದಿದ್ದ, ಗೊತ್ತೇ ಆಗಿರಲಿಲ್ಲ. ಕೂರಿಸಿ ಕಾಲು ಎತ್ತಿ ನೋಡಿದೆ. ಬೆರಳುಗಳ ಬುಡದಲ್ಲಿ ಗಾಯ. ಆವತ್ತಿನದಲ್ಲ, ಕಪ್ಪಾಗಿತ್ತು, ವಾಸನೆ ಬರುತ್ತಿತ್ತು.

“ನೋವಿಲ್ವೇನೋ?”

“ಇಲ್ಲ ಅಕ್ಕಾ. ಏನೂ ಇಲ್ಲ.”

ಡಾಕ್ಟರಮ್ಮನೂ ಬಯ್ಯಲಿಲ್ಲ. “ಇಳಿದಿದೆ ಅಂದಿದ್ದೆ, ಹೋಗಿದೆ ಅನ್ನಲಿಲ್ಲ. ಇಳಿದದ್ದು ಮತ್ತೆ ಹತ್ತುತ್ತೆ, ಅದಕ್ಕೇ ನೋಡ್ತಾ ಇರಬೇಕಿತ್ತು,” ಎಂದರು.

“ಹಾಗಾದ್ರೆ ನಾನು ಮೆಟ್ಟಿಲು ಹತ್ತಿದ್ದೆಲ್ಲ ದಂಡವಾ?”

“ಇಲ್ಲ. ಹತ್ತಿದಷ್ಟು ದಿನ ಅದು ಕೆಲಸ ಮಾಡಿದೆ.”

ಎರಡು ಬೆರಳು ತೆಗೆದರು. ಪಾದ ಉಳಿಯಿತು. ಹೊರಗಿನ ಬೆಂಚಿನ ಮೇಲೆ ಕೂತು ನಾನು ಎದುರಿನ ಗೋಡೆಯ ಟೈಲ್ಸ್ ಎಣಿಸಿದೆ. ಅಳು ಬರಲಿಲ್ಲ. ಬರಬೇಕಿತ್ತೋ ಏನೋ.

ಈಗ ಮತ್ತೆ ಹಿಡಿ ಅನ್ನ, ಜೊತೆಗೆ ಮಾತ್ರೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಸಕ್ಕರೆ ಇಳಿದೇ ಇದೆ. ಮರಗಟ್ಟಿದ ಕಾಲಿಗೆ ಸ್ಪರ್ಶ ಮಾತ್ರ ವಾಪಸು ಬಂದಿಲ್ಲ, ಬರುವುದು ಕಷ್ಟ ಎಂದಿದ್ದಾರೆ. ದಿನಾ ಸಂಜೆ ಅವನ ಪಾದವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿನ ಸಂದಿಯೆಲ್ಲ ನೋಡುತ್ತೇನೆ. ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ, ನಾನು ಅಲ್ಲಲ್ಲಿ ಒತ್ತುತ್ತೇನೆ, ಗೊತ್ತಾದರೆ ಹೇಳಬೇಕು.

ನಿನ್ನೆ ಕಣ್ಣು ಮುಚ್ಚಿಕೊಂಡ.

“ಹಾಂ, ಗೊತ್ತಾಯ್ತು ಅಕ್ಕಾ. ಹಿಮ್ಮಡಿ ಹತ್ರ ತಾನೆ?”

ನಾನು ಇನ್ನೂ ಮುಟ್ಟಿರಲಿಲ್ಲ. ಹೂಂ ಕಣೋ ಎಂದು ಕಾಲುಚೀಲ ಹಾಕಿದೆ.