ಸ್ಪಿರಿಟ್ ಹತ್ತಿ ಹಿಡಿದು ಬರೆದ ‘ನಾರ್ಮಲ್’

2021ರಲ್ಲಿ ನಾನು ಬೀದರಿನ ಒಂದು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ತಜ್ಞೆಯಾಗಿದ್ದೆ. ಕೋವಿಡ್‌ನ ಎರಡನೆಯ ಅಲೆ ಇಳಿದಿತ್ತು, ನಮ್ಮ ಓಪಿಡಿಯ ಸಾಲು ಮಾತ್ರ ಇಳಿದಿರಲಿಲ್ಲ. ಜ್ವರ ಬಿಟ್ಟವರೆಲ್ಲ ವಾಸನೆ ಇಲ್ಲ, ಊಟ ಸಪ್ಪೆ ಎನ್ನುತ್ತ ಬರುತ್ತಿದ್ದರು. ನನ್ನದು ಮೊದಲೇ ಸಿಡುಕು ಸ್ವಭಾವ. ಮಧ್ಯಾಹ್ನದ ಹೊತ್ತಿಗೆ, ರೋಗಿ ಬಾಯಿ ತೆರೆಯುವ ಮೊದಲೇ ಎಲ್ಲ ಗೊತ್ತು ಎಂಬ ಠೇಂಕಾರವೂ ಸೇರಿಕೊಳ್ಳುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಔರಾದ ತಾಲ್ಲೂಕಿನ ಚಿಂತಾಕಿಯಿಂದ ಭಾಗಮ್ಮ ಬಂದಳು. ಹೆಸರು ಬದಲಿಸಿದ್ದೇನೆ. ಕುರಿ ಸಾಕುವ ಮನೆಯ ಸೊಸೆ, ಮೂವತ್ತೂ ತುಂಬಿರಲಿಲ್ಲ. ಜೊತೆಗೆ ಗಂಡ ಮಾಳಪ್ಪ.

“ವಾಸನಿ ಬರ್ತಿಲ್ರಿ. ತಲಿ ಮಬ್ಬು ಹಿಡದದ. ಮರಿ ಗುರ್ತ ಸಿಗ್ತಿಲ್ರಿ,” ಎಂದಳು.

“ಮರಿ ವಿಷಯಕ್ಕೆ ದನದ ಡಾಕ್ಟರ ಹತ್ತಿರ ಹೋಗಮ್ಮ,” ಎಂದೆ. ಸಾಲಿನಲ್ಲಿದ್ದವರು ನಕ್ಕರು. ವಾಸನೆ ಪರೀಕ್ಷಿಸಲು ಕಾಫಿಪುಡಿ, ಲವಂಗದ ಡಬ್ಬಿಗಳು ಕಪಾಟಿನಲ್ಲಿದ್ದವು. ಎದ್ದು ಹೋಗಲು ಬೇಸರ. ಟ್ರೇಯಲ್ಲಿದ್ದ ಸ್ಪಿರಿಟ್ ಹತ್ತಿಯನ್ನೇ ಅವಳ ಮೂಗಿಗೆ ಹಿಡಿದೆ. ಅವಳು ಸರಕ್ಕನೆ ಮುಖ ಹಿಂದೆಳೆದುಕೊಂಡಳು. ಚೀಟಿಯಲ್ಲಿ ‘ಎಲ್ಲ ನಾರ್ಮಲ್’ ಎಂದು ಬರೆದು, ವಿಟಮಿನ್ ಗುಳಿಗೆ ಕೊಟ್ಟು ಕಳಿಸಿದೆ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಸ್ಪಿರಿಟ್‌ನ ವಾಸನೆ ತಿಳಿಯುವುದು ಒಂದು ನರದಿಂದ. ಅದರ ಉರಿ ತಿಳಿಯುವುದು ಟ್ರೈಜೆಮಿನಲ್ ಎಂಬ ಬೇರೆಯೇ ನರದಿಂದ. ವಾಸನೆ ಪೂರ್ತಿ ಹೋದವರೂ ಉರಿಗೆ ಮುಖ ತಿರುಗಿಸುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ, ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡಿದ್ದೆ.

ನಾಲ್ಕು ತಿಂಗಳ ಮೇಲೆ ಭಾಗಮ್ಮ ಮತ್ತೆ ಬಂದಳು, ಈ ಸಲ ಅಣ್ಣನ ಜೊತೆ, ಭಾಲ್ಕಿ ತಾಲ್ಲೂಕಿನ ಸಾಯಗಾಂವದಿಂದ. ಅದು ಅವಳ ತವರು. ಗಂಡನ ಮನೆಯವರು ಅವಳನ್ನು ಅಲ್ಲಿ ಬಿಟ್ಟು, ಐದು ವರ್ಷದ ಮಗಳನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು.

“ನಿಮ್ಮ ಚೀಟಿ ತೋರ್ಸಿ ನಖರಾ ಮಾಡ್ತಾಳ ಅಂತಾರ್ರಿ ಮೇಡಮ್,” ಎಂದ ಅಣ್ಣ. “ಡಾಕ್ಟರೇ ಬರೋಬರ್ ಅದ ಅಂತ ಬರದಾರ, ಮತ್ತ ಮರಿ ಯಾಕ ಸತ್ವು ಅಂತ ಕೇಳ್ತಾರ.”

ಆಗ ನಾನು ಮೊದಲ ಬಾರಿಗೆ ಅವಳ ಕೆಲಸವೇನೆಂದು ಕೇಳಿದೆ. ಬೆಳಿಗ್ಗೆ ತಾಯಿಕುರಿಗಳು ಮೇಯಲು ಹೋದರೆ ಎಳೆ ಮರಿಗಳು ಹಟ್ಟಿಯಲ್ಲೇ ಉಳಿಯುತ್ತವೆ. ಸಂಜೆ ಕುರಿಗಳು ಮರಳಿದಾಗ ಒಂದೊಂದೇ ಮರಿಯನ್ನು ಹಿಡಿದು, ನೋಡಿ, ಮೂಸಿ, ಅದರದೇ ತಾಯಿಗೆ ಬಿಡಬೇಕು. ತಪ್ಪಿದರೆ ಕುರಿ ಒದೆಯುತ್ತದೆ, ಮರಿ ಉಪವಾಸ. ಜ್ವರದ ನಂತರ ಭಾಗಮ್ಮ ಮರಿಗಳನ್ನು ಅದಲುಬದಲು ಮಾಡತೊಡಗಿದ್ದಳು. ಹಾಲಿಲ್ಲದೆ ಎರಡು ಮರಿ ಸತ್ತಿದ್ದವು.

ನನ್ನ ಮೇಲೆ ನನಗೇ ಮೈ ಉರಿಯಿತು. ಮಾಳಪ್ಪನಿಗೆ ಫೋನ್ ಮಾಡಿ, ನಿನ್ನ ತಾಯಿಯನ್ನು ಕರೆದುಕೊಂಡು ನಾಳೆಯೇ ಬಾ ಎಂದು ಗದರಿದೆ. ಗದರಬೇಕಾದದ್ದು ಅವನನ್ನಲ್ಲ ಎಂದು ಗೊತ್ತಿದ್ದೂ ಗದರಿದೆ.

ಮರುದಿನ ಅವರಿಬ್ಬರನ್ನೂ ಭಾಗಮ್ಮನನ್ನೂ ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಲವಂಗದ ಡಬ್ಬಿ ಹಿಡಿದೆ. ತಾಯಿ, ಮಗ ತಕ್ಷಣ ಹೇಳಿದರು. ಭಾಗಮ್ಮ, “ಏನೂ ಇಲ್ರಿ,” ಎಂದಳು. ತಲೆ ಮಬ್ಬು ಎಂದೂ ಹೇಳಿದ್ದಳಲ್ಲ, ಅದಕ್ಕೆ ಮೂರು ಶಬ್ದ ಹೇಳಿ, ಐದು ನಿಮಿಷದ ನಂತರ ಕೇಳಿದೆ. ಅವಳಿಗೆ ನೆನಪಿದ್ದದ್ದು ಒಂದೇ. ತಲೆ ತಗ್ಗಿಸಿ ಕೂತಳು.

ಅತ್ತೆಯ ಮುಖ ಬಿಳಚಿಕೊಂಡಿತು. “ಇಕಿ ಎಪ್ಪತ್ತು ಮರಿ ಗುರ್ತ ಹಿಡೀತಿದ್ಳರಿ. ನನಗ ತಪ್ಪಿದ್ರ ಇಕಿನೇ ತಿದ್ತಿದ್ಳು.”

“ತಪ್ಪು ಅವಳದಲ್ಲಮ್ಮ. ನಾನು ಸರಿಯಾಗಿ ನೋಡದೆ ಬರೆದೆ,” ಎಂದೆ.

ಮಾಳಪ್ಪ ಹೊಸ ಚೀಟಿ ಕೈಗೆ ತೆಗೆದುಕೊಂಡು, “ಇದ್ರಾಗ ಆರಾಮ ಆಗ್ತದ ಅಂತ ಬರದೀರೇನ್ರಿ?” ಎಂದು ಕೇಳಿದ. ಬರೆದಿರಲಿಲ್ಲ, ಬರೆಯುವ ಹಾಗೂ ಇರಲಿಲ್ಲ. ಆಮೇಲೆ ಮಾಡಿಸಿದ ಮೆದುಳಿನ ಎಂಆರ್‌ಐನಲ್ಲೂ ಏನೂ ಕಾಣಲಿಲ್ಲ. ಇದಕ್ಕೆಂದೇ ಗುಳಿಗೆ ಇಲ್ಲ. ದಿನಕ್ಕೆರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸುತ್ತ ಮೂಗಿಗೆ ಮತ್ತೆ ಅಭ್ಯಾಸ ಮಾಡಿಸುವುದು, ತಿಂಗಳುಗಟ್ಟಲೆ ಕಾಯುವುದು, ಅಷ್ಟೇ. ಇಷ್ಟು ವರ್ಷ ಓದಿ ಕೊನೆಗೆ ಅಡುಗೆಮನೆಯ ಡಬ್ಬಿ ಕೈಗಿಟ್ಟು ಕಳಿಸುವುದೇ ಎಂದು ರೋಸಿಹೋಯಿತು. ಅವರು ಅವಳನ್ನು ಚಿಂತಾಕಿಗೆ ಕರೆದುಕೊಂಡು ಹೋದರು. ಮಗಳು ಸಿಕ್ಕಳು. ಮರಿ ಬಿಡುವ ಕೆಲಸ ಮಾತ್ರ ಅತ್ತೆಯ ಕೈಯಲ್ಲೇ ಉಳಿಯಿತು.

ಮರುವರ್ಷ ಔರಾದದಲ್ಲಿ ಒಂದು ಶಿಬಿರ ಮುಗಿಸಿ ಸಂಜೆ ಅವರ ಹಟ್ಟಿಗೆ ಹೋದೆ. ವಾಸನೆ ಅರ್ಧಂಬರ್ಧ ಮರಳಿತ್ತು, ಅದೂ ಕೆಟ್ಟು. “ಉಳ್ಳಾಗಡ್ಡಿ ಸುಟ್ಟ ರಬ್ಬರಿನಂಗ ನಾರ್ತದರಿ,” ಎಂದಳು ಭಾಗಮ್ಮ. ಅಷ್ಟರಲ್ಲಿ ಕುರಿಗಳು ಬಂದವು. ಅತ್ತೆ ಒಂದು ಮರಿಯನ್ನು ಎತ್ತಿ ಸೊಸೆಯ ಕೈಗಿಟ್ಟು, “ಇದು ಯಾರ್ದು ಹೇಳು,” ಎಂದಳು. ಭಾಗಮ್ಮ ಬಹಳ ಹೊತ್ತು ನೋಡಿದಳು, ಮೂಸಿದಳು, ಒಂದು ಕುರಿಗೆ ಬಿಟ್ಟಳು. ಕುರಿ ಒದೆಯಿತು. ಅತ್ತೆ ಬೈಯಲಿಲ್ಲ. ಮರಿಯನ್ನು ಸರಿಯಾದ ತಾಯಿಗೆ ಹಚ್ಚಿ ಬಂದು, “ಇರ್ಲಿ, ಅವಸರ ಇಲ್ಲ. ಇನ್ನೊಂದು ನೋಡು,” ಎಂದು ಮತ್ತೊಂದನ್ನು ಕೊಟ್ಟಳು. ದಿನಾ ಹೀಗೇ, ಎಲ್ಲ ಮರಿಗಳನ್ನೂ ಹೀಗೇ ಕೊಡುತ್ತಾಳಂತೆ.

ನಾನು ಅಲ್ಲಿ ನಿಲ್ಲಲಾರದೆ ಜೀಪಿನತ್ತ ನಡೆದೆ. ರೋಗಿ ತನಗೆ ಸರಿಯಿಲ್ಲ ಎಂದಾಗ ಮೊದಲು ನಂಬಬೇಕು, ಪರೀಕ್ಷೆ ಆಮೇಲಿನದು. ಇಷ್ಟನ್ನು ವೃತ್ತಿ ನನಗೆ ಬಹಳ ತಡವಾಗಿ, ಬೇರೆಯವರ ಮನೆ ಕೆಡಿಸಿ ಕಲಿಸಿತು. ಕಪಾಟಿನ ತನಕ ಎದ್ದು ಹೋಗಿದ್ದರೆ ಆ ದಿನ ನನಗೆ ಎರಡು ನಿಮಿಷ ಹಿಡಿಯುತ್ತಿತ್ತು.