ಸಮಾಧಾನ ಮಾಡಲು ಬಂದವರು

ಸಿಂಗಪುರದ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಇಂಜಿನಿಯರ್ ಆಗಿದ್ದೆ. ಕೆಲಸ ಬೇಗ ಸಾಗಲೆಂದು ಪ್ರೆಸ್ ಮೆಷಿನ್ನಿನೊಳಗೆ ಕೈ ಹೋಗದಂತೆ ತಡೆಯುವ ಮುಂದಿನ ಜಾಲರಿಯನ್ನು ಬಿಚ್ಚಿಟ್ಟಿದ್ದರು. ಅದನ್ನು ಹಾಕಿಸಿ ಎಂದು ಮ್ಯಾನೇಜರ್‌ಗೆ ಮೇಲ್ ಬರೆದೆ. ಉತ್ತರ ಬರಲಿಲ್ಲ. ಹದಿನೈದು ದಿನಗಳಲ್ಲಿ ತಮಿಳುನಾಡಿನ ಕೆಲಸಗಾರನೊಬ್ಬನ ಬಲಗೈಯ ಎರಡು ಬೆರಳು ಹೋದವು. ಮಾರನೆಯ ದಿನದ ಮೀಟಿಂಗಿನಲ್ಲಿ ಅದು ಅವನದೇ ತಪ್ಪೆಂದು ವರದಿಯಲ್ಲಿ ಬರೆಸಲು ಮ್ಯಾನೇಜರ್ ಹೊರಟಾಗ ನಾನು ಎಲ್ಲರೆದುರು ಕೂಗಾಡಿಬಿಟ್ಟೆ.

ಮ್ಯಾನೇಜರ್ ಮೈಸೂರಿನವರು. ಅಲ್ಲಿಯತನಕ ನನ್ನೊಡನೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರಲ್ಲ. ಆ ಶನಿವಾರ ಸಂಜೆ ಹೆಂಡತಿಯೊಡನೆ ಯಿಶುನ್‌ನ ನಮ್ಮ ಮನೆಗೆ ಬಂದರು. ಕೈಯಲ್ಲಿ ಸ್ವೀಟ್ ಡಬ್ಬಿ, ಬಾಯಲ್ಲಿ ಕನ್ನಡ.

"ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಮೇಡಂ. ನಾವು ಕನ್ನಡದವ್ರೇ ಹಿಂಗೆ ಫೈಟ್ ಮಾಡ್ಕೊಂಡ್ರೆ ಹೆಂಗೆ?"

ಹೆಂಗಸರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ, ಪ್ರಾಣಾಯಾಮ ಮಾಡಿ ಎಂದು ಅವರ ಹೆಂಡತಿ ಸೇರಿಸಿದರು.

ಅಳುವ ಮಗುವನ್ನು ರಮಿಸುತ್ತೇವೆ, ನೊಂದವರನ್ನು ಸಂತೈಸುತ್ತೇವೆ, ನಾವೇ ತಪ್ಪು ಮಾಡಿದ್ದರೆ ಅದನ್ನು ಒಪ್ಪಿಕೊಂಡು ಎದುರಿನವರ ಸಿಟ್ಟಿಳಿಸುತ್ತೇವೆ. ಈ ಮನುಷ್ಯನಿಗೆ ಎಲ್ಲವೂ ಒಂದೇ. ಮೊದಲು ಮಗುವನ್ನು ರಮಿಸುವ ದನಿ ತೆಗೆದರು. ಅದು ನಡೆಯದಾಗ ನನ್ನ ಕೆಲಸ ಹೊಗಳಿ ಓಲೈಸಿದರು. ಕೊನೆಗೆ ಪ್ರಮೋಷನ್ ಮಾತೆತ್ತಿ ಪುಸಲಾಯಿಸಿದರು. ಕೂತಿದ್ದ ಒಂದು ಗಂಟೆಯಲ್ಲಿ ಬೆರಳು ಕಳೆದುಕೊಂಡವನ ಹೆಸರು ಒಮ್ಮೆಯೂ ಅವರ ಬಾಯಿಗೆ ಬರಲಿಲ್ಲ. ಆ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಈಗಲೂ ಅನುಮಾನ.

"ಮೊದ್ಲು ಜಾಲರಿ ಹಾಕ್ಸಿ ಸಾರ್. ನನ್ನ ಸಿಟ್ಟು ನಾನು ನೋಡ್ಕೋತೀನಿ."

ಡಬ್ಬಿಯನ್ನು ಅವರ ಕೈಗೇ ವಾಪಸು ಕೊಟ್ಟೆ. ಲಿಫ್ಟಿನವರೆಗೂ ಕಳಿಸಲು ಹೋಗಲಿಲ್ಲ. ಸೋಮವಾರ ಆ ಹಳೆಯ ಮೇಲ್ ಲಗತ್ತಿಸಿ ಸರ್ಕಾರಕ್ಕೆ ದೂರು ಕೊಟ್ಟೆ. ತಪಾಸಣೆಯವರು ಬಂದ ಮೇಲೆ ಜಾಲರಿ ತನ್ನ ಜಾಗ ಸೇರಿತು. ಮ್ಯಾನೇಜರ್ ಬೇರೆ ವಿಭಾಗ ಸೇರಿದರು. ಅಲ್ಲಿ ಈಗ ಯಾರಿಗೆ ಸಮಾಧಾನ ಹೇಳುತ್ತಿದ್ದಾರೋ.

ಆಸ್ಪತ್ರೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಕೆಲಸಗಾರ ಕೇಳಿಸಿಕೊಂಡು, ಅಪಘಾತಕ್ಕೆ ಮುಂಚೆ ಎಷ್ಟು ಸಲ ಮೇಲ್ ಬರೆದಿದ್ದಿರಿ ಎಂದು ತಮಿಳಿನಲ್ಲಿ ಕೇಳಿದ. ಒಂದೇ ಸಲ ಎಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಆ ಸಿಟ್ಟು ನ್ಯಾಯವಾದದ್ದು. ಅದನ್ನು ಇಳಿಸುವ ಗೋಜಿಗೆ ನಾನು ಹೋಗಲಿಲ್ಲ, ಭೇಟಿಯ ವೇಳೆ ಮುಗಿಯುವವರೆಗೆ ಕೂತಿದ್ದು ಎದ್ದುಬಂದೆ.

ಮುಂದಿನ ಭಾನುವಾರ ಹೋದಾಗ ಅವನು ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿಯುತ್ತಿದ್ದ. ನನ್ನೊಡನೆ ಮಾತಾಡಲಿಲ್ಲ. ಕೂರಲು ಕುರ್ಚಿ ತೋರಿಸಿದ.